ಕೊಯ್ಲಾದ ಮರುದಿನವೂ ಚೆಂದ ಕಾಣುವ ಕೈತೋಟ

ಹೂದೋಟವನ್ನು ಯಾರೂ ಕಿತ್ತು ತಿನ್ನುವುದಿಲ್ಲ. ತರಕಾರಿ ಬೆಳೆಯುವವರ ಕಷ್ಟ ಇರುವುದೇ ಇಲ್ಲಿ. ತಿಂಗಳುಗಟ್ಟಲೆ ಸಾಕಿದ ಕೋಸಿನ ಪಾತಿ ಒಂದೇ ಬೆಳಿಗ್ಗೆ ಬೋಳಾಗುತ್ತದೆ. ಹುರುಳಿಕಾಯಿ ಬಳ್ಳಿ ಫಸಲು ಮುಗಿದ ವಾರದಲ್ಲೇ ಒಣಗಿ ಕೋಲಿಗೆ ನೇತಾಡುತ್ತದೆ. ಮನೆಯ ಮುಂದೆ ಸೊಪ್ಪು ತರಕಾರಿ ಬೇಡ, ಅದೆಲ್ಲ ಹಿತ್ತಲಿಗಿರಲಿ ಎನ್ನುವವರ ಅಳುಕಿಗೂ ಇದೇ ಕಾರಣ.

ಪರಿಹಾರ ಇದೆ, ಆದರೆ ಅದನ್ನು ಗಿಡಗಳ ಪಟ್ಟಿಯಲ್ಲಿ ಹುಡುಕಬಾರದು. ಕೊಯ್ಯದೆ ಉಳಿಯುವ ಭಾಗವನ್ನು ಮೊದಲು ರೂಪಿಸಿ, ಕೊಯ್ಯುವ ಬೆಳೆಯನ್ನು ಅದರೊಳಗೆ ಕೂರಿಸಬೇಕು. ದಾರಿ, ಪಾತಿಯ ಅಂಚು, ಮರ, ಚಪ್ಪರ, ವರ್ಷವಿಡೀ ಹಸಿರಾಗಿರುವ ಪೊದೆ ಇವಿಷ್ಟು ಗಟ್ಟಿಯಾಗಿದ್ದರೆ ನಡುವಿನ ಪಾತಿ ಖಾಲಿಯಾದರೂ ತೋಟ ತೋಟದಂತೆಯೇ ಕಾಣುತ್ತದೆ.

ಹಳೆಯ ತೋಟಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ 1678ರಿಂದ 1683ರ ನಡುವೆ 14ನೇ ಲೂಯಿಗಾಗಿ ಝಾನ್-ಬಾಪ್ಟಿಸ್ಟ್ ದ ಲಾ ಕ್ವಿಂಟಿನಿ ತರಕಾರಿ ಮತ್ತು ಹಣ್ಣಿನ ದೊಡ್ಡ ತೋಟ ಕಟ್ಟಿದ. ಅಲ್ಲಿ ಗೋಡೆಗಳಿಗೆ ಒರಗಿಸಿ ಬೆಳೆಸುವ ಹಣ್ಣಿನ ಮರಗಳೇ ಇವತ್ತಿಗೂ ತೋಟಕ್ಕೆ ರೂಪ ಕೊಡುತ್ತವೆ. ಅದೇ ದೇಶದ ವಿಲಾಂಡ್ರಿಯ ಕೋಟೆಮನೆಯನ್ನು 1906ರಲ್ಲಿ ಕೊಂಡ ಝೋವಾಕಿಂ ಕಾರ್ವಾಲೊ ಅಲ್ಲಿ ಒಂಬತ್ತು ಚೌಕಗಳ ತರಕಾರಿ ತೋಟ ಮಾಡಿಸಿದ. ಚೌಕಗಳ ಒಳಗಿನ ಕೋಸು, ಬೀಟ್‌ರೂಟ್, ಲೆಟ್ಯೂಸ್‌ಗಳನ್ನು ವರ್ಷಕ್ಕೆ ಎರಡು ಸಲ ಬದಲಿಸುತ್ತಾರೆ. ಕತ್ತರಿಸಿದ ಗಿಡ್ಡ ಬೇಲಿಯ ಅಂಚುಗಳು ಮಾತ್ರ ಹಾಗೇ ಇರುತ್ತವೆ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಆ ಅಂಚೇ. ಹತ್ತಡಿ ಅಗಲದ ಅಂಗಳಕ್ಕೂ ಈ ಮಾತು ಅಷ್ಟೇ ಸಲ್ಲುತ್ತದೆ.

ಹಂತ 1: ಜಾಗವನ್ನು ಅಳೆದು ನೋಡಿ

ಗ್ರಾಫ್ ಹಾಳೆಯಲ್ಲಿ 1 ಮೀಟರಿಗೆ 1 ಸೆಂಟಿಮೀಟರಿನಂತೆ ಜಾಗದ ನಕ್ಷೆ ಬರೆಯಿರಿ. ಮನೆ, ಗೇಟು, ನಲ್ಲಿ, ಈಗಾಗಲೇ ಇರುವ ಮರ, ನೆಲದಡಿಯ ಪೈಪು, ಚರಂಡಿ ಎಲ್ಲವೂ ಅದರಲ್ಲಿರಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿಗೆ ಬರುತ್ತದೆ ಎಂದು ಅದರ ಮೇಲೆ ಗೆರೆ ಎಳೆಯಿರಿ. ಸೂರ್ಯನ ದಾರಿ ಋತುವಿಗೆ ತಕ್ಕಂತೆ ಸರಿಯುವುದರಿಂದ ಇದನ್ನು ಬೇಸಿಗೆಯಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಮಾಡಿದರೆ ಒಳ್ಳೆಯದು. ಅಷ್ಟು ಕಾಯಲಾಗದಿದ್ದರೆ ಸದ್ಯದ ನೆರಳನ್ನಾದರೂ ಗುರುತಿಸಿಕೊಳ್ಳಿ.

ಟೊಮೆಟೊ, ಬದನೆ, ಮೆಣಸಿನಕಾಯಿ, ದಾಳಿಂಬೆಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳು 3–4 ಗಂಟೆಯ ಬಿಸಿಲಿಗೂ ಬರುತ್ತವೆ. ಬಿಸಿಲೂರುಗಳಲ್ಲಿ ಮಧ್ಯಾಹ್ನದ ನೆರಳು ಅವುಗಳಿಗೆ ಹಿತವೇ. ಅರಿಸಿನ, ಶುಂಠಿ, ಪುದೀನ, ಒಂದೆಲಗ ಅರೆನೆರಳಿನಲ್ಲಿ ನೆಮ್ಮದಿಯಾಗಿ ಬೆಳೆಯುತ್ತವೆ.

ನೀರು ಬಸಿಯುತ್ತದೆಯೇ ಎಂದು ತಿಳಿಯಲು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಗಂಟೆಗೆ 2.5 ಸೆಂಟಿಮೀಟರಿನ ಆಸುಪಾಸು ಅಥವಾ ಸ್ವಲ್ಪ ಹೆಚ್ಚು ಇಳಿದರೆ ಚಿಂತೆಯಿಲ್ಲ. ಇಳಿಯದೆ ನಿಂತರೆ ಆ ಜಾಗದಲ್ಲಿ ಏರುಮಡಿ, ಅಂದರೆ ನೆಲಕ್ಕಿಂತ ಎತ್ತರಿಸಿದ ಪಾತಿ, ಮಾಡಿ. ನೀರು ನಿಲ್ಲುವ ಕಡೆ ನಿಂಬೆ, ಪಪ್ಪಾಯಿ, ದಾಳಿಂಬೆಯ ಬೇರು ಕೊಳೆಯುತ್ತದೆ.

ಮನೆ ಹಳೆಯದಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಉದುರಿದ ಬಣ್ಣದ ಚಕ್ಕೆಗಳಿಂದ ಗೋಡೆಯ ಬುಡದ ಮಣ್ಣಿಗೆ ಅದು ಸೇರಿರುವ ಸಾಧ್ಯತೆ ಇದೆ. ಮಣ್ಣು ಪರೀಕ್ಷೆ ಮಾಡಿಸುವವರೆಗೆ ಗೋಡೆಯ ಪಕ್ಕದಲ್ಲಿ ಸೊಪ್ಪು, ಗಡ್ಡೆ ಬೆಳೆಯಬೇಡಿ. ಎಲೆ ಮತ್ತು ಗಡ್ಡೆಗಿಂತ ಹಣ್ಣುಗಳಿಗೆ ಸೀಸ ಸೇರುವುದು ಕಡಿಮೆ. ಆದರೂ ಅನುಮಾನವಿರುವ ಕಡೆ ಹೊಸ ಮಣ್ಣು ತುಂಬಿದ ಏರುಮಡಿಯೇ ಲೇಸು.

ಕೊನೆಯದಾಗಿ ಅಡುಗೆಮನೆಯ ಕಿಟಕಿ, ನೀವು ದಿನಾ ಕೂರುವ ಜಾಗ ಮತ್ತು ಗೇಟು, ಈ ಮೂರು ಕಡೆ ನಿಂತು ಅಂಗಳ ನೋಡಿ. ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲಿ ನಕ್ಷೆಯಲ್ಲಿ ಒಂದು ಚುಕ್ಕೆ ಇಡಿ. ತೋಟದ ಅತ್ಯಂತ ಚೆಂದದ ಗಿಡ ಆ ಚುಕ್ಕೆಯ ಮೇಲೆಯೇ ಬರಬೇಕು.

ಹಂತ 2: ದಾರಿ ಮತ್ತು ಪಾತಿ

ಮುಖ್ಯ ದಾರಿ 90ರಿಂದ 120 ಸೆಂಟಿಮೀಟರ್ ಅಗಲವಿದ್ದರೆ ಇಬ್ಬರು ಹೇಗೋ ಜೊತೆಯಲ್ಲಿ ನಡೆಯಬಹುದು, ತಳ್ಳುಗಾಡಿಯೂ ಹೋಗುತ್ತದೆ. ಪಾತಿಗಳ ನಡುವಿನ ಕಾಲುದಾರಿಗೆ 45 ಸಾಕು. ಎರಡೂ ಕಡೆಯಿಂದ ಕೈ ಹಾಕುವ ಪಾತಿಯ ಅಗಲ 120 ಸೆಂಟಿಮೀಟರ್ ಮೀರಬಾರದು. ಗೋಡೆಗೆ ಅಂಟಿದ ಪಾತಿಯಾದರೆ 60. ಇದಕ್ಕಿಂತ ಅಗಲ ಮಾಡಿದರೆ ಕೊಯ್ಯಲು ಒಳಗೆ ಕಾಲಿಡಬೇಕಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ.

ಪಾತಿಯ ಆಕಾರ ಸರಳವಾಗಿರಲಿ. ಆಯತ, ಚೌಕ, ಇಲ್ಲವೇ ಒಂದೇ ಉದ್ದನೆಯ ಬಾಗು. ತರಕಾರಿ ಗಿಡಗಳು ಸ್ವಭಾವತಃ ಅಡ್ಡಾದಿಡ್ಡಿ ಬೆಳೆಯುತ್ತವೆ. ಗೆರೆ ನೆಟ್ಟಗಿದ್ದರೆ ಆ ಅಡ್ಡಾದಿಡ್ಡಿಯೂ ಸಮೃದ್ಧಿಯಾಗಿ ಕಾಣುತ್ತದೆ. ಗೆರೆಯೂ ಅಂಕುಡೊಂಕಾದರೆ ಕಳೆ ಬೆಳೆದ ಜಾಗದಂತೆ ಕಾಣುತ್ತದೆ.

ಅಂಚಿಗೆ ಕಲ್ಲು, ಇಟ್ಟಿಗೆ ಒಳ್ಳೆಯದು. ಮರದ ಹಲಗೆ ಬಳಸುವುದಾದರೆ ಅದರ ಪೂರ್ವಾಪರ ವಿಚಾರಿಸಿ. ಗೆದ್ದಲು ಹಿಡಿಯದಿರಲೆಂದು ಹಿಂದೆ ಮರಕ್ಕೆ ಆರ್ಸೆನಿಕ್ ಇರುವ ರಾಸಾಯನಿಕ ತುಂಬುತ್ತಿದ್ದರು. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಬಳಸುವುದು 2003ರ ಕೊನೆಯವರೆಗೂ ನಡೆದಿತ್ತು. ಹಳೆಯ ರೈಲ್ವೆ ಸ್ಲೀಪರುಗಳಲ್ಲಿ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಇರುತ್ತದೆ. ನೋಡಲು ಎಷ್ಟೇ ಗತ್ತಾಗಿದ್ದರೂ ಎರಡೂ ತಿನ್ನುವ ಬೆಳೆಯ ಪಕ್ಕಕ್ಕೆ ಬೇಡ.

ಹಂತ 3: ತೋಟದ ಎಲುಬು

ಈ ಹಂತಕ್ಕೆ ಕೊಡುವಷ್ಟು ಸಮಯವನ್ನು ಬೇರೆ ಯಾವುದಕ್ಕೂ ಕೊಡಬೇಕಿಲ್ಲ. ತರಕಾರಿ ತಪ್ಪಿದರೆ ಮೂರು ತಿಂಗಳಲ್ಲಿ ತಿದ್ದಬಹುದು. ಮರ ತಪ್ಪು ಜಾಗದಲ್ಲಿ ಬಂದರೆ ಹತ್ತು ವರ್ಷ ಅದರ ಜೊತೆ ಬಾಳಬೇಕು.

ಸಣ್ಣ ಅಂಗಳಕ್ಕೆ ಒಂದು ಅಥವಾ ಎರಡು ಮರ ಸಾಕು, ಅವೂ ಗಿಡ್ಡನೆಯವು. ಮಾವು, ಹಲಸು ಎಷ್ಟೇ ಪ್ರೀತಿಯ ಮರಗಳಾದರೂ ದೊಡ್ಡ ಜಾಗ ಬೇಡುತ್ತವೆ. ಸೀಬೆ ಹಾಗಲ್ಲ. ಅದು ಹೊಸ ಚಿಗುರಿನಲ್ಲೇ ಹೂ ಕಚ್ಚುವುದರಿಂದ ಸವರಿದಷ್ಟೂ ಚಿಗುರುತ್ತದೆ, ಕಾಯಿ ಬಿಡುತ್ತದೆ. ಎರಡು ಮೀಟರ್ ಎತ್ತರದಲ್ಲೇ ಹಿಡಿದಿಡಬಹುದು. ಸುಲಿದು ಬೀಳುವ ತೊಗಟೆಯ ಅಡಿಯ ನುಣುಪು ಕಾಂಡ ಎಲೆಗಿಂತ ಸೊಗಸು, ಆದ್ದರಿಂದ ಕೆಳಗಿನ ಕೊಂಬೆ ತೆಗೆದು ಕಾಂಡ ಕಾಣುವಂತೆ ಬಿಡಿ. ದಾಳಿಂಬೆ ಬಿಸಿಲು ಮತ್ತು ಒಣ ಹವೆ ಇರುವ ಕಡೆಗೆ ಹೇಳಿಮಾಡಿಸಿದ ಗಿಡ. ಕೆಂಡದ ಬಣ್ಣದ ಹೂವೂ ಬಣ್ಣಬಣ್ಣದ ಕಾಯಿಯೂ ಒಟ್ಟಿಗೆ ಇರುತ್ತವೆ. ಹಿಂದೆ ಇಟ್ಟ ಚುಕ್ಕೆಗೆ ನನ್ನ ಮೊದಲ ಆಯ್ಕೆ ಅದೇ. ಚಳಿಯ ನಾಡಿನವರು ಸೇಬನ್ನು ಗಿಡ್ಡ ಬೇರುಸಸಿಯ ಮೇಲೆ, ಅಂದರೆ ಮರವನ್ನು ಗಿಡ್ಡವಾಗಿಡುವ ಬುಡದ ಸಸಿಯ ಮೇಲೆ, ಕಸಿ ಮಾಡಿದ್ದೇ ಎಂದು ಕೇಳಿ ಕೊಳ್ಳಿ. ಎಂ9 ಎಂಬ ಬೇರುಸಸಿಯ ಮೇಲೆ ಕಟ್ಟಿದ ಸೇಬು ಎರಡೂವರೆ–ಮೂರು ಮೀಟರಿಗೆ ನಿಲ್ಲುತ್ತದೆ, ಆದರೆ ಜೀವನಪೂರ್ತಿ ಆಸರೆಯ ಗೂಟ ಬೇಕು.

ನಿಂಬೆ ವರ್ಷವಿಡೀ ಹಸಿರು, ಹೂವಿಗೆ ಪರಿಮಳ. ಮುಳ್ಳಿರುವುದರಿಂದ ದಾರಿಯ ಅಂಚಿಗೆ ಬೇಡ, ಕಿಟಕಿಯಿಂದ ತುಸು ದೂರ ಇರಲಿ. ನುಗ್ಗೆ ಬಿಟ್ಟರೆ ಮುಗಿಲಿಗೇರುತ್ತದೆ, ಅದರ ಕೊಂಬೆ ಗಾಳಿಗೆ ಮುರಿಯುತ್ತದೆ. ಒಂದು ಮೀಟರಿಗೆ ಕಡಿದು ಪೊದೆ ಮಾಡಿದರೆ ನಯವಾದ ಗರಿಯಂಥ ಸೊಪ್ಪಿನ ಬೇಲಿ ಸಿಗುತ್ತದೆ. ಕರಿಬೇವು ಬೇರಿನಿಂದ ಮರಿ ಹಾಕುತ್ತದೆ. ಆ ಮರಿಗಳನ್ನು ಕೀಳುತ್ತಾ ಇದ್ದರೆ ಒಂದೇ ಕಾಂಡದ ಅಂದದ ಪುಟ್ಟ ಮರವಾಗುತ್ತದೆ. ಬಾಳೆ ಮೂಲೆಗೆ ಒಳ್ಳೆಯದು. ಗೊನೆ ಬಿಟ್ಟ ಕಂದು ಸಾಯುವುದರಿಂದ ಒಂದು ದೊಡ್ಡದು, ಒಂದು ನಡುವಿನದು, ಒಂದು ಮರಿ ಎಂದು ಮೂರನ್ನು ಮಾತ್ರ ಉಳಿಸಿ. ಇಲ್ಲದಿದ್ದರೆ ಹಿಂಡು ಕಟ್ಟಿ ಮೂಲೆಯಿಂದ ಹೊರಗೆ ಬರುತ್ತದೆ. ಅಂಜೂರದ ಬೇರು ದೂರ ಹರಿಯುತ್ತದೆ, ಪೈಪಿನ ಹತ್ತಿರ ನೆಡಬೇಡಿ.

ಜಾಗವೇ ಇಲ್ಲ, ಆದರೆ ಬಿಸಿಲು ಬೀಳುವ ಗೋಡೆಯಿದೆ ಎನ್ನುವವರು ಮರವನ್ನು ಗೋಡೆಗೆ ಚಪ್ಪಟೆಯಾಗಿ ಹಬ್ಬಿಸಿ. ಗೋಡೆಯಿಂದ 10–15 ಸೆಂಟಿಮೀಟರ್ ಬಿಟ್ಟು ಅಡ್ಡಲಾಗಿ ತಂತಿಗಳನ್ನು ಬಿಗಿಯಿರಿ. ಮೊದಲನೆಯದು ನೆಲದಿಂದ 40–45 ಸೆಂಟಿಮೀಟರ್ ಮೇಲೆ, ಆಮೇಲಿನವು ಅಷ್ಟೇ ಅಂತರದಲ್ಲಿ. ಒಂದೇ ಕಾಂಡದ ಎಳೆಯ ಗಿಡ ನೆಟ್ಟು ಮೊದಲ ತಂತಿಯ ಮಟ್ಟಕ್ಕೆ ಕತ್ತರಿಸಿ. ಬರುವ ಚಿಗುರುಗಳಲ್ಲಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಒಂದನ್ನು ಮೇಲಕ್ಕೆ ಮೆತ್ತನೆಯ ದಾರದಿಂದ ಕಟ್ಟಿ, ಉಳಿದವನ್ನು ತೆಗೆಯಿರಿ. ಮುಂದಿನ ವರ್ಷ ಎರಡನೇ ತಂತಿಗೆ ಹೀಗೆಯೇ. ಸೇಬು, ಪಿಯರ್ ಹಣ್ಣಿನ ಮರಗಳು ಈ ಅಡ್ಡ ರೂಪಕ್ಕೆ ಚೆನ್ನಾಗಿ ಒಗ್ಗುತ್ತವೆ. ಅಂಜೂರ ಮತ್ತು ನಿಂಬೆ ಜಾತಿಯನ್ನು ಬೀಸಣಿಗೆಯ ಆಕಾರದಲ್ಲಿ ಹರಡುವುದು ಸುಲಭ. ಮೂರು ನಾಲ್ಕು ವರ್ಷದ ತಾಳ್ಮೆ ಬೇಕು, ನಿಜ. ಆದರೆ ಒಂದು ಖಾಲಿ ಗೋಡೆಗೆ ಇಷ್ಟು ಚೆಂದದ ಇನ್ನೊಂದು ಉಪಯೋಗ ನನಗೆ ಗೊತ್ತಿಲ್ಲ.

ಮರಗಳ ಜೊತೆಗೆ ಎಲೆ ಉದುರಿಸದ ಪೊದೆಗಳೂ ಬೇಕು. ಒಟ್ಟು ನೆಟ್ಟ ಜಾಗದ ಮೂರನೇ ಒಂದು ಭಾಗ ಇಂಥ ಸ್ಥಿರ ಗಿಡಗಳಿಗಿರಲಿ. ರೋಸ್ಮರಿಯನ್ನು ಗಿಡ್ಡ ಬೇಲಿಯಂತೆ ಕತ್ತರಿಸಿ ಇಡಬಹುದು. ಕತ್ತರಿ ಹಸಿರು ಭಾಗಕ್ಕಷ್ಟೇ ಬೀಳಲಿ, ಎಲೆಯಿಲ್ಲದ ಹಳೆಯ ಕಟ್ಟಿಗೆಗೆ ಕೈ ಹಾಕಿದರೆ ಅದು ಮತ್ತೆ ಚಿಗುರುವುದು ಕಷ್ಟ.

ಹಂತ 4: ಅಂಚು

ಪಾತಿಯ ಅಂಚಿಗೆ ಒಂದೇ ಗಿಡವನ್ನು ಸಾಲಾಗಿ ನೆಡಿ. ಥೈಮ್, ಪಾರ್ಸ್ಲಿ, ಈರುಳ್ಳಿ ಸೊಪ್ಪು, ಸ್ಟ್ರಾಬೆರಿ, ದೊಡ್ಡಪತ್ರೆ ಯಾವುದಾದರೂ ಆಗಬಹುದು, ಆದರೆ ಒಂದು ಪಾತಿಗೆ ಒಂದೇ. ಐದು ಬಗೆಯ ಗಿಡ ಅಂಚಿಗೆ ಬಂದರೆ ಅದು ಅಂಚಾಗಿ ಉಳಿಯುವುದಿಲ್ಲ. ಕಿತ್ತುಕೊಳ್ಳುವಾಗಲೂ ಸಾಲಿನ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಎಲೆ ತೆಗೆಯಿರಿ.

ಮಜ್ಜಿಗೆ ಹುಲ್ಲು ಕಾರಂಜಿಯಂತೆ ಬಾಗಿ ಸೊಗಸಾಗಿ ಕಾಣುತ್ತದೆ, ಆದರೆ ಮೀಟರು ಎತ್ತರ ಬರುತ್ತದೆ, ಎಲೆಯ ಅಂಚು ಚರ್ಮ ಕೊಯ್ಯುತ್ತದೆ. ಹಿಂದಿನ ಸಾಲಿಗಿರಲಿ. ಪುದೀನವನ್ನು ನೆಲಕ್ಕೆ ಬಿಡಲೇಬೇಡಿ. ಕುಂಡದ ಸಮೇತ ಹೂಳಿ, ಕುಂಡದ ಬಾಯಿ ಮಣ್ಣಿನಿಂದ ಎರಡು ಬೆರಳು ಮೇಲಿರಲಿ.

ಹಂತ 5: ಬಳ್ಳಿ

ಚಪ್ಪರ, ಕಮಾನು, ಬೇಲಿ ಇವುಗಳ ಬಲ ಮೊದಲು ನೋಡಿ. ಪ್ಯಾಶನ್ ಫ್ರೂಟ್, ಸೀಮೆಬದನೆ, ಸೋರೆ ತುಂಬ ತೂಗುತ್ತವೆ, ತೆಳು ಬಿದಿರು ತಾಳುವುದಿಲ್ಲ. ದ್ರಾಕ್ಷಿ ಎಲೆ ಉದುರಿಸುವ ಹವೆಯಿರುವಲ್ಲಿ ಕಿಟಕಿಯ ಮುಂದಿನ ಚಪ್ಪರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಬೇಸಿಗೆಯಲ್ಲಿ ನೆರಳು ಕೊಡುತ್ತದೆ, ಚಳಿಯಲ್ಲಿ ಬಿಸಿಲು ಒಳಗೆ ಬಿಡುತ್ತದೆ. ಹಗುರ ಆಸರೆಗೆ ಕೆಂಪು ದಂಟಿನ ಬಸಳೆ, ಅಲಸಂದೆ, ನೀಲಿ ಶಂಖಪುಷ್ಪ ಸಾಕು. ವರ್ಷಕ್ಕೊಮ್ಮೆ ಸಾಯುವ ಬಳ್ಳಿಯ ಪಕ್ಕದಲ್ಲಿ ಬಹುವಾರ್ಷಿಕ ಬಳ್ಳಿಯೊಂದನ್ನು ಹಬ್ಬಿಸಿ. ಆಗ ಕಮಾನು ಯಾವತ್ತೂ ಬೋಳಾಗುವುದಿಲ್ಲ.

ಹಂತ 6: ಬಣ್ಣ ತುಂಬುವುದು

ಈಗ ತರಕಾರಿ. ಒಂದೊಂದು ಗಿಡವನ್ನು ಅಲ್ಲಲ್ಲಿ ಚೆಲ್ಲಬೇಡಿ. ಮೂರು, ಐದು, ಏಳರ ಗುಂಪಿನಲ್ಲಿ ನೆಟ್ಟು, ಅದೇ ಗುಂಪನ್ನು ತೋಟದ ಇನ್ನೊಂದೆರಡು ಕಡೆ ಮತ್ತೆ ನೆಡಿ. ಕಣ್ಣು ಒಂದೇ ಬಣ್ಣವನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವಾಗ ಸಣ್ಣ ಜಾಗವೂ ಒಂದಾಗಿ ಕಾಣುತ್ತದೆ.

ಬಣ್ಣಕ್ಕೆ ಬರವಿಲ್ಲ. ಕೆಂಪು ಹರಿವೆ, ಕೆಂಪು ನರದ ಬೀಟ್‌ರೂಟ್ ಸೊಪ್ಪು, ಕೆಂಪು ಕಾಂಡದ ಪುಂಡಿ, ಬದನೆಯ ನೇರಳೆ ಹೂ, ನೇರಳೆಯಿಂದ ಕೆಂಪಿಗೆ ತಿರುಗುವ ಮೇಲ್ಮುಖದ ಮೆಣಸಿನಕಾಯಿ. ಬೆಂಡೆ ದಾಸವಾಳದ ಕುಟುಂಬದ್ದೇ. ಅದರ ತಿಳಿಹಳದಿ ಹೂವಿನ ನಡುವಿನ ಕಪ್ಪುಗೆಂಪನ್ನು ಹತ್ತಿರದಿಂದ ನೋಡಿದವರು ಅದನ್ನು ಹಿತ್ತಲಿಗೆ ತಳ್ಳುವುದಿಲ್ಲ. ಕಡುನೇರಳೆ ಎಲೆಗಳ ವಿಷಯದಲ್ಲಿ ಮಾತ್ರ ಒಂದು ಮಾತು. ದೂರದಿಂದ ಅವು ಮಣ್ಣಿನ ಬಣ್ಣದಲ್ಲಿ ಕರಗಿಹೋಗುತ್ತವೆ. ನೇರಳೆ ತುಳಸಿಯ ಹಿಂದೆ ತಿಳಿಹಸಿರು ಲೆಟ್ಯೂಸೋ ಸಬ್ಬಸಿಗೆಯೋ ಇದ್ದಾಗಲೇ ಎರಡೂ ಎದ್ದು ಕಾಣುವುದು.

ಬಣ್ಣಕ್ಕಿಂತ ಎಲೆಯ ಆಕಾರ ಹೆಚ್ಚು ಕಾಲ ಉಳಿಯುತ್ತದೆ. ಸಬ್ಬಸಿಗೆ, ಕ್ಯಾರೆಟ್ಟಿನ ಗರಿ ಗರಿ ಸೊಪ್ಪಿನ ಪಕ್ಕ ಅರಿಸಿನದ ಅಗಲ ಎಲೆ, ಈರುಳ್ಳಿಯ ನೆಟ್ಟನೆ ಗೆರೆಯ ಪಕ್ಕ ಕೋಸಿನ ದುಂಡು. ಹೀಗೆ ಜೋಡಿ ಮಾಡಿದರೆ ಹೂವಿಲ್ಲದ ದಿನಗಳಲ್ಲೂ ಪಾತಿ ಸಪ್ಪೆಯಾಗುವುದಿಲ್ಲ.

ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು, ರೋಗಗಳೂ ಹಂಚಿಕೆಯವು. ಚೆಂದ ಕಂಡಿತೆಂದು ಅದೇ ಪಾತಿಯಲ್ಲಿ ಅವನ್ನೇ ಮತ್ತೆ ಹಾಕದೆ, ಮಧ್ಯೆ ಹುರುಳಿಕಾಯಿಯನ್ನೋ ಸೊಪ್ಪನ್ನೋ ಬೆಳೆಯಿರಿ.

ಹಂತ 7: ಖಾಲಿ ಜಾಗದ ಲೆಕ್ಕ

ಬೆಳೆಗಳಲ್ಲಿ ಎರಡು ಬಗೆ. ಹರಿವೆ, ಬಸಳೆ, ಪಾಲಕ್, ತುಳಸಿ, ಬದನೆಯಂಥವು ಸ್ವಲ್ಪ ಸ್ವಲ್ಪವೇ ಕೊಡುತ್ತಾ ನಿಂತಿರುತ್ತವೆ. ಕೋಸು, ಹೂಕೋಸು, ಮೂಲಂಗಿ, ಕ್ಯಾರೆಟ್, ಆಲೂಗಡ್ಡೆ ಬುಡಸಮೇತ ಹೋಗುತ್ತವೆ. ಮೊದಲನೆಯವು ಮುಂದಿನ ಸಾಲಿಗೆ, ದಾರಿಯ ಪಕ್ಕಕ್ಕೆ. ಎರಡನೆಯವು ಅವುಗಳ ಹಿಂದೆ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ಹಿಂದೆ ಗುಂಡಿ ಬಿದ್ದರೂ ಮುಂದಿನ ಎಲೆಗಳು ಅದನ್ನು ಮುಚ್ಚುತ್ತವೆ.

ಉಳಿದರ್ಧಕ್ಕೆ ಯಾವಾಗಲೂ ಒಂದು ಟ್ರೇ ಸಸಿ ಸಿದ್ಧವಿರಬೇಕು. ಎರಡು ಮೂರು ವಾರಕ್ಕೊಮ್ಮೆ ಬೀಜ ಹಾಕುತ್ತಾ ಹೋಗಿ. ಕೋಸು ಕೊಯ್ದ ದಿನವೇ ಆ ಜಾಗಕ್ಕೆ ಒಂದು ಬೊಗಸೆ ಎರೆಗೊಬ್ಬರ ಬೆರೆಸಿ ಸಸಿ ಇಡಿ. ಸಸಿ ಇಲ್ಲದಿದ್ದರೆ ಮೆಣಸಿನಕಾಯಿಯ ಕುಂಡವೊಂದನ್ನು ತಂದು ಅಲ್ಲಿ ಇಟ್ಟರೂ ಆಯಿತು. ಲೆಟ್ಯೂಸ್, ಪಾಲಕ್ ಕೊಯ್ಯುವಾಗ ಹೊರಗಿನ ಎಲೆಗಳನ್ನಷ್ಟೇ ತೆಗೆಯಿರಿ, ಇಲ್ಲವೇ ನೆಲದಿಂದ 3–5 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಮತ್ತೆ ಚಿಗುರುತ್ತವೆ.

ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಡುತ್ತದೆ. ಕಿತ್ತೆಸೆಯಬೇಡಿ. ಅದರ ಬಿಳಿ ಹೂವಿಗೆ ಬರುವ ಹೂನೊಣಗಳ ಮರಿಹುಳುಗಳು ಗಿಡಹೇನನ್ನು ತಿನ್ನುತ್ತವೆ. ಕೊನೆಗೆ ಬೀಜವೂ ಸಿಗುತ್ತದೆ.

ಹಂತ 8: ಏನನ್ನು ಜೊತೆಯಲ್ಲಿ ಇಡಬಾರದು

ತಿನ್ನುವ ಗಿಡ ಮತ್ತು ಅಲಂಕಾರದ ಗಿಡ ಒಂದೇ ಪಾತಿಯಲ್ಲಿದ್ದಾಗ ಮಕ್ಕಳಿಗೆ, ನೆಂಟರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಣಗಿಲೆ, ಉಮ್ಮತ್ತಿ, ಡೀಫೆನ್‌ಬಾಕಿಯಾ ಇವು ವಿಷದ ಗಿಡಗಳು. ಪಾತಿಯ ಹತ್ತಿರ ಬೇಡವೇ ಬೇಡ. ಅಲಂಕಾರಕ್ಕೆ ಬೆಳೆಸುವ ಕೆಲವು ಗಿಡಗಳ ಎಲೆ ಕೆಸುವಿನ ಎಲೆಯನ್ನು ಹೋಲುತ್ತದೆ, ಎರಡನ್ನೂ ಒಟ್ಟಿಗೆ ಬೆಳೆಯಬೇಡಿ. ಪರಿಮಳದ ಸ್ವೀಟ್ ಪೀ ಹೂಬಳ್ಳಿಯ ಕಾಳು ಬಟಾಣಿಯಂತೆ ಕಂಡರೂ ತಿನ್ನುವಂಥದ್ದಲ್ಲ. ಬಲಿತ ಅವರೆಕಾಳನ್ನು ಚೆನ್ನಾಗಿ ಬೇಯಿಸದೆ ತಿನ್ನಬಾರದು.

ನರ್ಸರಿಯಿಂದ ಅಲಂಕಾರಕ್ಕೆಂದು ತಂದ ಹೂಗಿಡಕ್ಕೆ ಗಿಡದೊಳಗೇ ಇಳಿಯುವ ಕೀಟನಾಶಕ ಹಾಕಿರುವ ಸಾಧ್ಯತೆ ಇದೆ. ಅದರ ಹೂ ತಿನ್ನಬೇಡಿ. ತಿನ್ನಲು ಬೇಕಾದ ಹೂವನ್ನು ಬೀಜದಿಂದ ನೀವೇ ಬೆಳೆಯಿರಿ. ಮನೆಯಲ್ಲಿ ನಾಯಿ ಇದ್ದರೆ ದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ಸಿಗದಂತೆ ನೋಡಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೂ ವಿಷವೇ.

ಹಂತ 9: ನೀರು, ಹೊದಿಕೆ

ಒಂದೇ ಪಾತಿಯಲ್ಲಿ ರೋಸ್ಮರಿಯನ್ನೂ ಬಸಳೆಯನ್ನೂ ಹಾಕಿದರೆ ಎರಡರಲ್ಲೊಂದು ಸೊರಗುತ್ತದೆ. ನೀರು ಹೆಚ್ಚು ಕುಡಿಯುವವನ್ನು ಒಂದು ಕಡೆ, ಕಡಿಮೆ ಸಾಕಾದವನ್ನು ಇನ್ನೊಂದು ಕಡೆ ಗುಂಪು ಮಾಡಿ. ತರಕಾರಿ ಪಾತಿಗೆ ವಾರಕ್ಕೆ ಸುಮಾರು 2.5 ಸೆಂಟಿಮೀಟರ್ ಮಳೆಯಷ್ಟು ನೀರು, ಅಂದರೆ ಚದರ ಮೀಟರಿಗೆ 25 ಲೀಟರ್, ಎಂಬುದು ಒಂದು ಅಂದಾಜು. ಬಿಸಿಲು ಹೆಚ್ಚಿದರೆ ಇನ್ನಷ್ಟು ಬೇಕು. ಹನಿ ನೀರಾವರಿಯ ಪೈಪನ್ನು ಸಸಿ ನೆಡುವ ಮೊದಲೇ ಹಾಸಿ ಮೇಲೆ ಹೊದಿಕೆ ಹಾಕಿದರೆ ಪೈಪು ಕಣ್ಣಿಗೆ ಬೀಳುವುದಿಲ್ಲ.

ಹೊದಿಕೆ 5–8 ಸೆಂಟಿಮೀಟರ್ ದಪ್ಪವಿರಲಿ, ಮರದ ಬುಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ತೋಟದ ಎಲ್ಲ ಪಾತಿಗಳಿಗೂ ಒಂದೇ ಬಗೆಯ ಹೊದಿಕೆ ಬಳಸಿ. ಬೋಳು ಮಣ್ಣನ್ನು ಅಚ್ಚುಕಟ್ಟಾಗಿ ತೋರಿಸುವ ಅತ್ಯಂತ ಸುಲಭದ ಉಪಾಯ ಇದು.

ಮನೆಯ ಮುಂದೆ ಬೆಳೆಯುವವರಿಗೆ

ಬಡಾವಣೆ, ವಸತಿ ಸಂಘಗಳಲ್ಲಿ ಮುಂದಿನ ಅಂಗಳಕ್ಕೆ ನಿಯಮಗಳಿರಬಹುದು, ಮೊದಲೇ ವಿಚಾರಿಸಿ. ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ ಶೋರ್ಸ್ ಊರಿನಲ್ಲಿ ದಂಪತಿಯೊಬ್ಬರು ಹದಿನೇಳು ವರ್ಷ ಮನೆ ಮುಂದೆ ತರಕಾರಿ ಬೆಳೆದಿದ್ದರು. 2013ರಲ್ಲಿ ಊರಿನ ಹೊಸ ನಿಯಮದಿಂದ ಅದನ್ನೆಲ್ಲ ಕೀಳಬೇಕಾಯಿತು. ಅವರ ಕಾನೂನು ಹೋರಾಟದ ನಂತರ 2019ರಲ್ಲಿ ರಾಜ್ಯ ಸರ್ಕಾರವೇ ಇಂಥ ನಿಷೇಧಗಳಿಗೆ ತಡೆ ಹಾಕುವ ಕಾನೂನು ತಂದಿತು. ತಿನ್ನುವ ಗಿಡಕ್ಕೆ ಮನೆಯ ಮುಂದೆ ಜಾಗವಿಲ್ಲ ಎನ್ನುವುದು ನನ್ನ ಮಟ್ಟಿಗೆ ಅನ್ಯಾಯದ ಮಾತು. ಆದರೂ ಬೀದಿಗೆ ಕಾಣುವ ಮೊದಲ ಒಂದು ಮೀಟರಿನಲ್ಲಿ ಕತ್ತರಿಸಿದ ಗಿಡ್ಡ ಬೇಲಿ, ಹೂ ಬಿಡುವ ಗಿಡ ಇಟ್ಟು, ಆಸರೆಯ ಕೋಲು ಬೇಕಾಗುವ ಟೊಮೆಟೊವನ್ನು ಹಿಂದಕ್ಕೆ ಸರಿಸಿದರೆ ನೆರೆಯವರ ತಕರಾರು ಬಹುಮಟ್ಟಿಗೆ ಬರುವುದೇ ಇಲ್ಲ.

ಕೆಲಸದ ಕ್ರಮ

ಎಲ್ಲವನ್ನೂ ಒಂದೇ ಸಲಕ್ಕೆ ಮಾಡಹೋಗಬೇಡಿ. ಮೊದಲ ವರ್ಷ ದಾರಿ, ಪೈಪು, ಮರ, ತಂತಿ ಮತ್ತು ಅಡುಗೆಮನೆಗೆ ಹತ್ತಿರದ ಒಂದೇ ಒಂದು ಪಾತಿ. ಉಳಿದ ಜಾಗದ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಹರಡಿ ಹೊದಿಕೆ ಮುಚ್ಚಿಡಿ. ಎರಡನೇ ವರ್ಷ ಅಂಚು, ಪೊದೆ, ಬಳ್ಳಿ, ಇನ್ನೊಂದೆರಡು ಪಾತಿ. ಮೂರನೇ ವರ್ಷದ ಹೊತ್ತಿಗೆ ಮರಗಳ ನೆರಳು ಹರಡಲು ಶುರುವಾಗುತ್ತದೆ. ಆಗ ನಕ್ಷೆ ತೆಗೆದು ನೆರಳಿನ ಗೆರೆಗಳನ್ನು ಹೊಸದಾಗಿ ಎಳೆಯಿರಿ. ಟೊಮೆಟೊ ಬರುತ್ತಿದ್ದ ಪಾತಿಗೆ ಈಗ ಬಿಸಿಲು ನಾಲ್ಕೇ ಗಂಟೆ ಎಂದು ಕಂಡುಬಂದರೆ ಅದನ್ನು ಅರಿಸಿನ, ಶುಂಠಿ, ಒಂದೆಲಗಕ್ಕೆ ಬಿಟ್ಟುಕೊಟ್ಟು, ಟೊಮೆಟೊಗೆ ಬಿಸಿಲಿನ ಕಡೆ ಹೊಸ ಪಾತಿ ತೆಗೆಯಿರಿ.